ಕಂಪನಿ ಹಣದಲ್ಲಿ ಕಲಾ ಪ್ರದರ್ಶನ: ಯಾರನ್ನು ಕೇಳಬೇಕು, ಏನು ಬರೆಸಿಕೊಳ್ಳಬೇಕು

"ಗ್ರೂಪ್ ಶೋ ಮಾಡ್ತಿದ್ದೀವಿ, ಯಾವುದಾದ್ರೂ ಕಂಪನಿ ಸ್ಪಾನ್ಸರ್ ಮಾಡುತ್ತಾ?" "ನಮ್ಮೂರಿನ ಗೋಡೆಗೆ ಮ್ಯೂರಲ್ ಮಾಡಬೇಕು, ಸಿಎಸ್‌ಆರ್ ಹಣ ಸಿಗುತ್ತಾ?" ಕಲಾಶಾಲೆಯಿಂದ ಈಗಷ್ಟೇ ಹೊರಬಂದವರು ಕೇಳುತ್ತಾರೆ, ತಲೆ ಬೆಳ್ಳಗಾದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪನಿಯೊಳಗೆ ಹಣ ಒಂದೇ ಕಡೆ ಇರುವುದಿಲ್ಲ. ನಾಲ್ಕು ಬೇರೆ ಬೇರೆ ಜೇಬುಗಳಿವೆ. ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಯಜಮಾನರು, ಬೇರೆ ನಿರೀಕ್ಷೆ. ಒಳ್ಳೆಯ ಯೋಜನೆಗಳು ಬಿದ್ದುಹೋಗುವುದು ಹೆಚ್ಚಾಗಿ ತಪ್ಪು ಜೇಬಿಗೆ ಕೈ ಹಾಕಿದಾಗ.

ಶುರು ಮಾಡುವ ಮುನ್ನ ಇಷ್ಟು ಕೈಯಲ್ಲಿರಲಿ: ಒಂದು ಪುಟದ ಯೋಜನೆ, ಹಿಂದಿನ ಕೆಲಸದ ಆರೆಂಟು ಒಳ್ಳೆಯ ಫೋಟೊ, ಖರ್ಚಿನ ಪಟ್ಟಿ, ಪ್ಯಾನ್, ರದ್ದು ಮಾಡಿದ ಒಂದು ಚೆಕ್ಕು. ಜಿಎಸ್‌ಟಿ ನೋಂದಣಿ ಇದ್ದರೆ ಅದರ ಪ್ರತಿ. ಜೊತೆಗೆ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ಉದ್ದಿಮೆದಾರರಿಗೆ ಕೇಂದ್ರ ಸರ್ಕಾರ ಕೊಡುವ ಗುರುತಿನ ಸಂಖ್ಯೆ ಅದು. ಸರ್ಕಾರಿ ತಾಣದಲ್ಲಿ ಪೂರ್ತಿ ಉಚಿತ. ಅದರಂತೆಯೇ ಕಾಣುವ ಖಾಸಗಿ ತಾಣಗಳು ದುಡ್ಡು ಕೇಳುತ್ತವೆ, ಕೊಡಬೇಡಿ. ಇದರಿಂದ ಏನು ಉಪಯೋಗ ಅಂತ ಕೊನೆಗೆ ಹೇಳುತ್ತೇನೆ.

1. ಯಾವ ಜೇಬು ಎಂದು ತೀರ್ಮಾನಿಸಿ

ಮೊದಲನೆಯದು ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಲ್ಲಿ ಇದರ ಲೆಕ್ಕ ಇದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಗೂ ಇದು ಅನ್ವಯ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಅದು ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದು ಅನ್ನುವ ಪಟ್ಟಿ ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಕಲೆಗೂ ಅಲ್ಲಿ ಜಾಗ ಇದೆ, ಆದರೆ ಅದು ಹೇಳುವ ರೀತಿ ನೋಡಿ: ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ, ಚಾರಿತ್ರಿಕ ಕಟ್ಟಡ ಮತ್ತು ಕಲಾಕೃತಿಗಳ ಜೀರ್ಣೋದ್ಧಾರ, ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲದ ಬೆಳವಣಿಗೆ. ಸಮಕಾಲೀನ ಕಲೆಯ ಹೆಸರೇ ಇಲ್ಲ. ವಿಡಿಯೊ ಇನ್‌ಸ್ಟಲೇಶನ್‌ಗೆ ಹಣ ಬೇಕು ಅಂದರೆ ಸಿಎಸ್‌ಆರ್ ಮ್ಯಾನೇಜರ್ ತಲೆ ಕೆರೆದುಕೊಳ್ಳುವುದು ಅದಕ್ಕೇ. ನಿಮ್ಮ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಕಾರ್ಯಾಗಾರ ಇದ್ದರೆ ಆ ಭಾಗ ಶಿಕ್ಷಣದ ಅಡಿ ಬರಬಹುದು. ಆದರೆ ಹಣಕ್ಕೋಸ್ಕರ ಕೊನೆಯ ಪುಟದಲ್ಲಿ ಮಕ್ಕಳನ್ನು ಅಂಟಿಸಬೇಡಿ. ವರ್ಷದ ಕೊನೆಗೆ ಹಾಜರಿ ಪಟ್ಟಿ ಕೇಳುತ್ತಾರೆ.

ಎಚ್ಚರ: 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳ ಪ್ರಕಾರ, ತನ್ನ ಉತ್ಪನ್ನಕ್ಕೋ ಸೇವೆಗೋ ಮಾರುಕಟ್ಟೆ ಲಾಭ ಸಿಗಲೆಂದು ಕಂಪನಿ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಸಿಎಸ್‌ಆರ್ ಅರ್ಜಿಯಲ್ಲಿ "ನಿಮ್ಮ ಬ್ರ್ಯಾಂಡಿಗೆ ಒಳ್ಳೆ ಪ್ರಚಾರ ಸಿಗುತ್ತದೆ" ಅಂತ ಬರೆದರೆ ನಿಮ್ಮ ಅರ್ಜಿಗೆ ನೀವೇ ಕಲ್ಲು ಹಾಕಿಕೊಂಡಂತೆ. ನಾನು ನೋಡುವ ಅರ್ಜಿಗಳಲ್ಲಿ ಅತಿ ಜಾಸ್ತಿ ಕಾಣುವ ತಪ್ಪು ಇದೇ.

ಎರಡನೆಯದು ಮಾರ್ಕೆಟಿಂಗ್. ಇಲ್ಲಿ ಪ್ರಚಾರವೇ ವ್ಯಾಪಾರ, ಮುಚ್ಚುಮರೆ ಇಲ್ಲ. ಇಂಡಿಯಾ ಆರ್ಟ್ ಫೇರ್ ಜೊತೆ ಬಿಎಂಡಬ್ಲ್ಯು ಹೆಸರು ಕಾಣುವುದು, ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನದ ಬೀದಿಚಿತ್ರಗಳ ಜೊತೆ ಏಷ್ಯನ್ ಪೇಂಟ್ಸ್ ಇರುವುದು ಈ ಬಗೆಯ ನಂಟು. ದೆಹಲಿಯ ಲೋಧಿ ಕಾಲೊನಿಯ ಗೋಡೆಗಳನ್ನು ನೋಡಿದವರಿಗೆ ಬಣ್ಣದ ಕಂಪನಿ ಯಾಕೆ ಬಂತು ಅಂತ ವಿವರಿಸಬೇಕಿಲ್ಲ. ಹಣ ಬೇಗ ಬರುತ್ತದೆ, ಬೇಗ ನಿಲ್ಲುತ್ತದೆ ಕೂಡ. ಕಾರು ಕಂಪನಿ ಸ್ಕೋಡಾ ಸಮಕಾಲೀನ ಕಲೆಗೆ ಕೊಡುತ್ತಿದ್ದ ಪ್ರಶಸ್ತಿ ನೆನಪಿದೆಯಾ? 2010ರಲ್ಲಿ ಶುರುವಾಯಿತು, 10 ಲಕ್ಷ ರೂಪಾಯಿ. ಬೆಂಗಳೂರಿನ ನವೀನ್ ಥಾಮಸ್ ಅವರಿಗೆ ಬಂತು, ನಮ್ಮ ಕರಾವಳಿಯ ಎಲ್.ಎನ್. ತಲ್ಲೂರ್ ಅವರಿಗೂ ಬಂತು. ಕೆಲವೇ ವರ್ಷಗಳಲ್ಲಿ ನಿಂತೂಹೋಯಿತು. ಮಾರ್ಕೆಟಿಂಗ್ ಹಣವನ್ನು ನಂಬಿಕೊಂಡು ಮೂರು ವರ್ಷದ ಯೋಜನೆ ಹಾಕಬೇಡಿ.

ಮೂರನೆಯ ಜೇಬು ಎಚ್‌ಆರ್ ಮತ್ತು ಕಟ್ಟಡ ನಿರ್ವಹಣೆಯವರದು. ಯಾರೂ ಇದರ ಕಡೆ ನೋಡುವುದೇ ಇಲ್ಲ. ಕ್ಯಾಂಪಸ್ಸಿನ ಗೋಡೆ, ಸಿಬ್ಬಂದಿಗೆ ಕಾರ್ಯಾಗಾರ, ಲಾಬಿಗೊಂದು ಶಿಲ್ಪ, ಇವೆಲ್ಲ ಇಲ್ಲಿಂದ. ನವೆಂಬರ್ ಬಂದರೆ ಬೆಂಗಳೂರಿನ ಐಟಿ ಕಂಪನಿಗಳ ಎಚ್‌ಆರ್ ತಂಡಗಳು ರಾಜ್ಯೋತ್ಸವಕ್ಕೆ ಏನಾದರೂ ಹೊಸದು ಮಾಡೋಣ ಅಂತ ಹುಡುಕುತ್ತಿರುತ್ತವೆ. ಪ್ರತಿ ವರ್ಷ ಅದೇ ಡೊಳ್ಳು, ಅದೇ ಬಾವುಟ ಅವರಿಗೂ ಸಾಕಾಗಿದೆ. ಆಗಸ್ಟ್‌ನಲ್ಲೇ ಹೋಗಿ ಮಾತಾಡಿ.

ನಾಲ್ಕನೆಯದು ಮಾಲೀಕರ ಸ್ವಂತ ಹಣ ಅಥವಾ ಕುಟುಂಬದ ಪ್ರತಿಷ್ಠಾನ. ಇಲ್ಲಿ ಅರ್ಜಿ ನಮೂನೆಗಿಂತ ಪರಿಚಯ, ನಂಬಿಕೆ ಕೆಲಸ ಮಾಡುತ್ತದೆ. ಮೊದಲ ಯೋಜನೆಗೆ ಇದನ್ನು ನೆಚ್ಚಿಕೊಳ್ಳುವುದು ಕಷ್ಟ.

ಹಣವೇ ಬೇಕು ಅಂತಲೂ ಇಲ್ಲ. ವಸ್ತು ಅಥವಾ ಸೇವೆಯ ರೂಪದ ನೆರವನ್ನು ಅವರು ‘ಇನ್-ಕೈಂಡ್’ ಅನ್ನುತ್ತಾರೆ: ಬಣ್ಣ, ಪ್ರೊಜೆಕ್ಟರ್, ಪ್ಲೈವುಡ್, ಸಾಗಣೆ. 1967ರಲ್ಲಿ ಏರ್ ಇಂಡಿಯಾ ಸಾಲ್ವಡೋರ್ ಡಾಲಿಯಿಂದ ಆ್ಯಶ್‌ಟ್ರೇ ವಿನ್ಯಾಸ ಮಾಡಿಸಿತು. ನೇರ ಇಟ್ಟರೆ ಹಂಸ, ತಿರುಗಿಸಿದರೆ ಆನೆಯ ತಲೆ. ಪ್ರತಿಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿ. ಅದನ್ನು ವಿಮಾನದಲ್ಲಿ ಕಳಿಸಿದ್ದು ನಮ್ಮ ಬೆಂಗಳೂರಿನಿಂದಲೇ. ನೀವು ಪ್ಲೈವುಡ್ ಕೇಳಿ ಸಾಕು.

2. ಹಣ ಯಾರ ಹೆಸರಿಗೆ ಬರಬೇಕು?

ಮಾರ್ಕೆಟಿಂಗ್, ಎಚ್‌ಆರ್ ಹಣವಾದರೆ ನೀವು ‘ವೆಂಡರ್’, ಅಂದರೆ ಸರಕು ಅಥವಾ ಸೇವೆ ಪೂರೈಸುವವರು. ನಿಮ್ಮ ಹೆಸರಲ್ಲೇ ಬಿಲ್ ಹಾಕಬಹುದು.

ಸಿಎಸ್‌ಆರ್ ಹಾಗಲ್ಲ. ಒಬ್ಬ ಕಲಾವಿದರ ಹೆಸರಿಗೆ ಅನುದಾನ ಬರುವುದು ತೀರಾ ಅಪರೂಪ. ಹೊರಗಿನ ಸಂಸ್ಥೆಯ ಮೂಲಕ ಕಂಪನಿ ಕೆಲಸ ಮಾಡಿಸಬೇಕಾದರೆ ಅದು ನೋಂದಾಯಿತ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿ ಆಗಿರಬೇಕು. ಸೆಕ್ಷನ್ 8 ಅಂದರೆ ಲಾಭ ಹಂಚಿಕೊಳ್ಳದ ಕಂಪನಿ. ಎಲ್ಲರೂ 12ಎ, 80ಜಿ ಅಂತ ಕರೆಯುವ ಆದಾಯ ತೆರಿಗೆ ನೋಂದಣಿಗಳು ಇರಬೇಕು, ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು.

ಇದೆಲ್ಲ ಇಲ್ಲವಲ್ಲ ಅಂತ ಹೊಸ ಟ್ರಸ್ಟ್ ಮಾಡಲು ಓಡಬೇಡಿ. ಮೂರು ವರ್ಷದ ಷರತ್ತಿನಿಂದಾಗಿ ಅದು ತಕ್ಷಣಕ್ಕೆ ಉಪಯೋಗಕ್ಕೂ ಬರುವುದಿಲ್ಲ. ಈ ಕಾಗದಗಳೆಲ್ಲ ಇರುವ ಒಂದು ಕಲಾ ಸಂಸ್ಥೆಯನ್ನೋ ರಂಗತಂಡದ ಟ್ರಸ್ಟನ್ನೋ ಹುಡುಕಿ, ಅವರ ಮೂಲಕ ಹೋಗಿ. ಅವರು ನಿರ್ವಹಣೆಗೆ ಎಷ್ಟು ಹಿಡಿದುಕೊಳ್ಳುತ್ತಾರೆ, ನಿಮಗೆ ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಸ್ನೇಹ ಇದ್ದರಂತೂ ಖಂಡಿತ ಬರೆಸಿಕೊಳ್ಳಿ.

ಹಣ ನೇರವಾಗಿ ವಿದೇಶದಿಂದ ಬರುವುದಾದರೆ, ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಬೇಕು. ವಿದೇಶಿ ದೇಣಿಗೆ ನಿಯಂತ್ರಿಸುವ ಕಾನೂನು ಅದು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಾಗಾಗಿ ಇಲ್ಲಿ ‘ಅವರ ಮೂಲಕ’ ಅನ್ನುವ ದಾರಿ ಮುಚ್ಚಿದೆ.

3. ಯಾವುದನ್ನು ಮಾರುವುದಿಲ್ಲ ಅಂತ ಬರೆದುಕೊಳ್ಳಿ

ಕಂಪನಿಯವರ ಎದುರು ಕೂತಾಗ ಇದನ್ನು ಯೋಚಿಸಲು ಆಗುವುದಿಲ್ಲ. ಕಾಫಿ ಕೊಡುತ್ತಾರೆ, ಕೆಲಸ ಹೊಗಳುತ್ತಾರೆ, ನೀವು ತಲೆಯಾಡಿಸುತ್ತೀರಿ. ಅದಕ್ಕೇ ಮನೆಯಲ್ಲೇ ಒಂದು ಹಾಳೆ ತಗೊಂಡು ಎರಡು ಪಟ್ಟಿ ಮಾಡಿ. ಕೊಡಬಹುದಾದ್ದು: ಆಹ್ವಾನ ಪತ್ರಿಕೆಯಲ್ಲಿ ಹೆಸರು, ಪ್ರವೇಶದ್ವಾರದಲ್ಲಿ ಫಲಕ, ಸಿಬ್ಬಂದಿಗೆ ವಿಶೇಷ ವೀಕ್ಷಣೆ, ಕಲಾವಿದರ ಜೊತೆ ಮಾತುಕತೆ. ಕೊಡದಿರುವುದು: ಕೃತಿಯೊಳಗೆ ಲೋಗೊ, ಕೃತಿಯ ಶೀರ್ಷಿಕೆಯಲ್ಲಿ ಬ್ರ್ಯಾಂಡ್ ಹೆಸರು, ಯಾವ ಕೃತಿ ಇರಬೇಕು ಯಾವುದು ಬೇಡ ಅನ್ನುವ ಅಧಿಕಾರ.

ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂನ ಟರ್ಬೈನ್ ಹಾಲ್‌ನಲ್ಲಿ 2000ದಿಂದ 2012ರವರೆಗೆ ನಡೆದದ್ದು ‘ಯೂನಿಲಿವರ್ ಸರಣಿ’. ಕಂಪನಿಯ ಹೆಸರು ಸರಣಿಗಿತ್ತು, ಕೃತಿಗಿರಲಿಲ್ಲ. 2010ರಲ್ಲಿ ಚೀನಾದ ಕಲಾವಿದ ಐ ವೇವೇ ನೆಲದ ತುಂಬ ಹರಡಿದ ಕೋಟಿಗಟ್ಟಲೆ ಪಿಂಗಾಣಿ ಸೂರ್ಯಕಾಂತಿ ಬೀಜಗಳ ಮೇಲೆ ಯಾವ ಸೋಪಿನ ಹೆಸರೂ ಇರಲಿಲ್ಲ. ಸಣ್ಣ ಪ್ರದರ್ಶನಕ್ಕೂ ಇದೇ ಸೂತ್ರ ಹಿಡಿಯಿರಿ: ಹೆಸರನ್ನು ಕಾರ್ಯಕ್ರಮಕ್ಕೆ ಕೊಡಿ, ಕೃತಿಗೆ ಬೇಡ.

ಸಹಯೋಗ ಬೇರೆ ವಿಷಯ. ಅಲ್ಲಿ ಕಂಪನಿಯ ಉತ್ಪನ್ನವೇ ಕೃತಿಯಾಗುತ್ತದೆ. 1975ರಲ್ಲಿ ಅಲೆಕ್ಸಾಂಡರ್ ಕಾಲ್ಡರ್ ಬಿಎಂಡಬ್ಲ್ಯು ರೇಸ್ ಕಾರಿಗೆ ಬಣ್ಣ ಹಚ್ಚಿದ್ದು, 2003ರಲ್ಲಿ ತಕಾಶಿ ಮುರಕಾಮಿ ಲೂಯಿ ವಿಟಾನ್ ಬ್ಯಾಗಿಗೆ ಬಣ್ಣಬಣ್ಣದ ಅಕ್ಷರ ಕೊಟ್ಟದ್ದು ಈ ಜಾತಿ. ಇದು ತಪ್ಪೇನಲ್ಲ. ಆದರೆ ಸಹಯೋಗದ ಕೆಲಸಕ್ಕೆ ಪ್ರಾಯೋಜಕತ್ವದ ದರ ತಗೊಳ್ಳಬೇಡಿ. ಉತ್ಪನ್ನ ಮಾರಾಟವಾಗುವುದಾದರೆ ಪ್ರತಿ ಮಾರಾಟದ ಮೇಲೆ ನಿಮಗೆ ಪಾಲು, ಅಂದರೆ ರಾಯಲ್ಟಿ ಕೇಳಿ.

ಯಾರ ಹಣ ಬೇಡ ಅನ್ನುವುದೂ ಇದೇ ಹಾಳೆಯಲ್ಲಿರಲಿ. ತಂಬಾಕಿನ ಮಟ್ಟಿಗೆ ಕಾನೂನೇ ತೀರ್ಮಾನ ಮಾಡಿದೆ: 2003ರ ಕಾಯ್ದೆ ತಂಬಾಕು ಉತ್ಪನ್ನಗಳ ಜಾಹೀರಾತು, ಪ್ರಚಾರವನ್ನು ನಿಷೇಧಿಸಿದೆ. ಉಳಿದದ್ದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ನೋವಿನ ಮಾತ್ರೆಯ ಚಟದ ವಿಷಯದಲ್ಲಿ ಛಾಯಾಗ್ರಾಹಕಿ ನಾನ್ ಗೋಲ್ಡಿನ್ ಹೋರಾಟ ನಡೆಸಿದ ಮೇಲೆ, ಆ ಮಾತ್ರೆ ಮಾರಿದ ಕಂಪನಿಯ ಒಡೆಯರಾದ ಸ್ಯಾಕ್ಲರ್ ಕುಟುಂಬದ ಹೆಸರನ್ನು 2019ರಲ್ಲಿ ಲೂವ್ರ್, 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಗೋಡೆಗಳಿಂದ ತೆಗೆದವು. ನಮ್ಮಲ್ಲೂ 2016ರಲ್ಲಿ ಸರ್ಕಾರದ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದದ ವಿರುದ್ಧ ಬೆಂಗಳೂರಿನ ಕಲಾವಿದರು ಬೀದಿಗಿಳಿದಿದ್ದರು. ಅಲ್ಲಿನ ಜಗಳ ಹಣದ್ದಕ್ಕಿಂತ ಹಿಡಿತದ್ದು. ಸಾರ್ವಜನಿಕ ಜಾಗದಲ್ಲಿ ಏನು ತೋರಿಸಬೇಕು ಅಂತ ಯಾರು ಹೇಳಬೇಕು ಎಂಬುದು.

4. ಬಜೆಟ್ ಬರೆಯಿರಿ, ನಿಮ್ಮ ಕೂಲಿಯನ್ನೂ ಸೇರಿಸಿ

ಧಾರವಾಡದಲ್ಲಿ ಐವರು ಕಲಾವಿದರ 12 ದಿನದ ಪ್ರದರ್ಶನ ಅಂದುಕೊಳ್ಳಿ. ಲೆಕ್ಕ ಹೇಗೆ ಬರೆಯಬೇಕು ಅಂತ ತೋರಿಸಲು ಮಾತ್ರ ಈ ಅಂದಾಜು. ನಿಮ್ಮೂರಿನ ದರ ನೀವೇ ಕೇಳಿಕೊಳ್ಳಿ.

ಕಲಾವಿದರ ಗೌರವಧನ, 5 ಜನಕ್ಕೆ ತಲಾ 25,000: 1,25,000
ಕೃತಿ ತಯಾರಿ, ಸಾಮಗ್ರಿ, ಚೌಕಟ್ಟು: 1,80,000
ಸಾಗಣೆ ಮತ್ತು ವಿಮೆ: 45,000
ಸಭಾಂಗಣ, ದೀಪ, ವಿದ್ಯುತ್: 60,000
ಗೋಡೆ ಬರಹ, ಅನುವಾದ, ಮುದ್ರಣ: 35,000
ಫೋಟೊ ಮತ್ತು ವಿಡಿಯೊ ದಾಖಲಾತಿ: 30,000
ಕಾವಲು, ಶುಚಿ, ಇಬ್ಬರಿಗೆ ದಿನಕ್ಕೆ 1,000ದಂತೆ: 24,000
ಮೊತ್ತ: 4,99,000
ಆಕಸ್ಮಿಕ ಖರ್ಚು, ಸುಮಾರು ಶೇ 10: 50,000
ಒಟ್ಟು: 5,49,000

ಮೊದಲ ಸಾಲು ನೋಡಿ. ಹತ್ತರಲ್ಲಿ ಏಳೆಂಟು ಬಜೆಟ್‌ಗಳಲ್ಲಿ ಅದೇ ಇರುವುದಿಲ್ಲ. ಟೆಂಟಿನವರಿಗೆ ಹಣ ಇದೆ, ಸಮೋಸಾಕ್ಕೆ ಹಣ ಇದೆ, ಕಲಾವಿದರಿಗೆ ಮಾತ್ರ "ವೇದಿಕೆ". ಕಂಪನಿಯ ಹಣಕಾಸು ವಿಭಾಗದವರಿಗೆ ಗೌರವಧನ ಕಂಡರೆ ಆಶ್ಚರ್ಯ ಆಗುವುದಿಲ್ಲ. ಅವರು ಎಲ್ಲ ವೆಂಡರ್‌ಗೂ ಹಣ ಕೊಟ್ಟೇ ಅಭ್ಯಾಸ. ಸಂಕೋಚ ಇರುವುದು ನಮ್ಮ ಕಡೆಗೇ.

ಇನ್ನೊಂದು ಮಾತು, ಬೆಲೆಯ ಬಗ್ಗೆ. ತೈಲ ಕಂಪನಿ ಬಿಪಿ ಟೇಟ್‌ಗೆ ಎಷ್ಟು ಕೊಡುತ್ತಿತ್ತು ಎಂಬುದು ಬಹುಕಾಲ ಗುಟ್ಟಾಗಿತ್ತು. ಹೋರಾಟಗಾರರು ಮಾಹಿತಿ ಹಕ್ಕಿನ ದಾರಿ ಹಿಡಿದು ಹೊರತೆಗೆದಾಗ ಗೊತ್ತಾಯಿತು: 1990ರಿಂದ 2006ರವರೆಗೆ, 17 ವರ್ಷಕ್ಕೆ, ಒಟ್ಟು ಸುಮಾರು 38 ಲಕ್ಷ ಪೌಂಡ್. ವರ್ಷಕ್ಕೆ ಸರಾಸರಿ 2.24 ಲಕ್ಷ. ಅಷ್ಟು ದೊಡ್ಡ ಮ್ಯೂಸಿಯಂನ ಬಜೆಟ್ಟಿನಲ್ಲಿ ಅದು ಚಿಲ್ಲರೆ, ಆದರೆ ಹೆಸರು ಮಾತ್ರ ಎಲ್ಲೆಲ್ಲೂ. ಹಾಗಾಗಿ ಲೆಕ್ಕ ಹಾಕಿ. ಒಟ್ಟು 5.49 ಲಕ್ಷದಲ್ಲಿ ಒಬ್ಬರು 50,000 ಕೊಟ್ಟರೆ ಅವರು ‘ಟೈಟಲ್ ಸ್ಪಾನ್ಸರ್’ ಅಲ್ಲ, ಅಂದರೆ ಕಾರ್ಯಕ್ರಮದ ಹೆಸರಿನ ಮುಂದೆ ತಮ್ಮ ಹೆಸರು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಅರ್ಧಕ್ಕಿಂತ ಕಡಿಮೆ ಕೊಟ್ಟವರಿಗೆ ಆ ಜಾಗ ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ.

5. ಕೇಳುವುದು

ಸಮಯ ಮುಖ್ಯ. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಮುಂದಿನ ವರ್ಷದ ಬಜೆಟ್ ಚರ್ಚೆ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ನಡುವೆ. ಅಷ್ಟರಲ್ಲಿ ನಿಮ್ಮ ಯೋಜನೆ ಅವರ ಮೇಜಿನ ಮೇಲಿರಬೇಕು. ಫೆಬ್ರುವರಿ ಕೊನೆಗೆ "ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು, ಏನಾದರೂ ಮಾಡಿಕೊಡಿ" ಅಂತ ಯಾರಾದರೂ ಫೋನ್ ಮಾಡಿದರೆ ಖುಷಿಪಡುವ ಮೊದಲು ಯೋಚಿಸಿ. ಒಂದು ತಿಂಗಳಲ್ಲಿ ಒಣಗದ ಬಣ್ಣದ ಕೃತಿ ನಿಮ್ಮ ಹೆಸರಲ್ಲಿ ಉಳಿಯುತ್ತದೆ.

ಸಿಎಸ್‌ಆರ್ ಮುಖ್ಯಸ್ಥರೋ ಬ್ರ್ಯಾಂಡ್ ಮ್ಯಾನೇಜರೋ ಯಾರೆಂದು ಹುಡುಕಿ, ಅವರಿಗೇ ಬರೆಯಿರಿ. ದೊಡ್ಡ ಕಂಪನಿಗಳ ಸಿಎಸ್‌ಆರ್ ನೀತಿ, ಹಿಂದಿನ ವರ್ಷ ಯಾವುದಕ್ಕೆ ಎಷ್ಟು ಕೊಟ್ಟರು ಅನ್ನುವ ಪಟ್ಟಿ ಅವರ ತಾಣದಲ್ಲೂ ವಾರ್ಷಿಕ ವರದಿಯಲ್ಲೂ ಇರುತ್ತದೆ. ಅದನ್ನು ಓದದೆ ಅರ್ಜಿ ಹಾಕಬೇಡಿ. ಮೊದಲ ಪತ್ರ ಇಷ್ಟಿದ್ದರೆ ಸಾಕು:

"ನಮಸ್ಕಾರ. ನಾವು ಧಾರವಾಡದ ಐವರು ಕಲಾವಿದರು. ಕೆರೆಗಳು ಕಾಣೆಯಾದ ಬಗ್ಗೆ ಅಕ್ಟೋಬರ್‌ನಲ್ಲಿ 12 ದಿನದ ಪ್ರದರ್ಶನ ಮಾಡುತ್ತಿದ್ದೇವೆ. ಒಟ್ಟು ಖರ್ಚು 5.49 ಲಕ್ಷ, ಅದರಲ್ಲಿ 2 ಲಕ್ಷ ನಮ್ಮ ಬಳಿ ಇದೆ. ಕೃತಿ ತಯಾರಿಯ 1.8 ಲಕ್ಷವನ್ನು ನಿಮ್ಮಿಂದ ಕೇಳುತ್ತಿದ್ದೇವೆ. ಒಂದು ಪುಟದ ವಿವರ ಜೊತೆಗಿದೆ. ಮುಂದಿನ ವಾರ 15 ನಿಮಿಷ ಮಾತಾಡಬಹುದೇ?"

ವಿಷಯ, ಮೊತ್ತ, ಯಾವುದಕ್ಕೆ, ಮುಂದೇನು. ನಿಮ್ಮ ಕಲಾ ತತ್ವ ಎರಡನೇ ಭೇಟಿಗಿರಲಿ. ಒಂದು ವಾರ ಬಿಟ್ಟು ನೆನಪಿಸಿ, ಅದಾಗಿ ಎರಡು ವಾರಕ್ಕೆ ಇನ್ನೊಮ್ಮೆ. ಆಮೇಲೆ ಬಿಟ್ಟುಬಿಡಿ.

ಮೀಟಿಂಗ್‌ನಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಡೆಲಿವರಬಲ್ಸ್’ ಅಂದರೆ ನೀವು ಇಂತಿಷ್ಟು ಅಂತ ಎಣಿಸಿ ಕೊಡಬೇಕಾದವು: ಎಷ್ಟು ಕೃತಿ, ಎಷ್ಟು ಫೋಟೊ, ಎಷ್ಟು ಪೋಸ್ಟ್. ‘ಆ್ಯಕ್ಟಿವೇಶನ್’ ಅಂದರೆ ಸ್ಥಳದಲ್ಲಿ ಬ್ರ್ಯಾಂಡಿನ ಚಟುವಟಿಕೆ. ಸೆಲ್ಫಿ ಬೂತ್, ಸ್ಯಾಂಪಲ್ ಹಂಚುವುದು ಇತ್ಯಾದಿ. ಎರಡನೆಯದನ್ನು ಒಪ್ಪಿದರೆ ಕೃತಿಗಳಿರುವ ಕೋಣೆಯ ಹೊರಗೆ ಅಂತ ಅಲ್ಲೇ ಹೇಳಿ.

6. ಒಪ್ಪಂದ: ಇಲ್ಲಿ ನಿಧಾನವಾಗಿ ಓದಿ

ಎಂಒಯು (ತಿಳಿವಳಿಕೆ ಪತ್ರ) ಅಂತ ಎರಡು ಪುಟ ಬರಬಹುದು, ಇಪ್ಪತ್ತು ಪುಟದ ವೆಂಡರ್ ಕರಾರೂ ಬರಬಹುದು. ಎರಡನೆಯದು ಸಾಮಾನ್ಯವಾಗಿ ಪ್ರಿಂಟರ್ ಪೂರೈಸುವವರಿಗೂ ಕೊಡುವ ಅದೇ ಕರಾರು. ಅದರಲ್ಲಿ ಕಲಾಕೃತಿಯ ಮಾತೇ ಇರುವುದಿಲ್ಲ, ಆದರೆ "ಪೂರೈಕೆಯ ಎಲ್ಲ ಬೌದ್ಧಿಕ ಆಸ್ತಿಯೂ ಕಂಪನಿಗೆ ಸೇರಿದ್ದು" ಎಂಬ ಸಾಲು ಒಳಗೆಲ್ಲೋ ಕೂತಿರುತ್ತದೆ. ಹುಡುಕಿ.

ಈಗ ಒಂದು ಕಾನೂನು ಕೇಳಿ. ತುಂಬ ಕಲಾವಿದರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಣ ಕೊಟ್ಟು ಪೇಂಟಿಂಗ್, ಭಾವಚಿತ್ರ ಅಥವಾ ಫೋಟೊ ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ಅದರ ಮೊದಲ ಹಕ್ಕುದಾರರು ಮಾಡಿಸಿದವರೇ. ಬರೆದ ನೀವಲ್ಲ! ಶಿಲ್ಪ ಈ ಪಟ್ಟಿಯಲ್ಲಿಲ್ಲ. ಅಂದರೆ ಮ್ಯೂರಲ್ ಬರೆಯುವವರು ಸುಮ್ನೆ ಇದ್ದರೆ ಹಕ್ಕು ಕಳೆದುಕೊಳ್ಳುತ್ತಾರೆ. ಒಂದು ಸಾಲು ಸೇರಿಸಿದರೆ ಉಳಿಯುತ್ತದೆ: "ಕೃತಿಯ ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ, ಕಂಪನಿಗೆ ಈ ಕೆಳಗಿನ ಬಳಕೆಗೆ ಮಾತ್ರ ಪರವಾನಗಿ ಕೊಡಲಾಗಿದೆ."

ಆ "ಕೆಳಗಿನ ಬಳಕೆ" ಸ್ಪಷ್ಟವಾಗಿರಲಿ: ಎಲ್ಲಿ, ಎಷ್ಟು ವರ್ಷ, ಯಾವ ಮಾಧ್ಯಮ. ‘ಇನ್ ಪರ್ಪೆಚುಯಿಟಿ’ ಅಂತ ಕಂಡರೆ ಅದು ಶಾಶ್ವತವಾಗಿ ಅಂತ. ‘ಎಕ್ಸ್‌ಕ್ಲೂಸಿವ್’ ಅಂದರೆ ನೀವೂ ಬಳಸುವಂತಿಲ್ಲ ಅಂತ. ಎರಡನ್ನೂ ಹೊಡೆದು "2 ವರ್ಷ, ಭಾರತದಲ್ಲಿ, ಪ್ರದರ್ಶನದ ಪ್ರಚಾರಕ್ಕೆ ಮಾತ್ರ" ಅಂತ ಬರೆಯಿರಿ. ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಎಂದು ಹಿಡಿಯುತ್ತದೆ.

ಕೃತಿಸ್ವಾಮ್ಯ ಕೊಟ್ಟ ಮೇಲೂ ನಿಮ್ಮಲ್ಲಿ ಉಳಿಯುವ ಹಕ್ಕು 57ನೇ ಕಲಮಿನಲ್ಲಿದೆ: ಇದು ನನ್ನ ಕೃತಿ ಎಂದು ಹೇಳಿಕೊಳ್ಳುವುದು, ನಿಮ್ಮ ಮರ್ಯಾದೆಗೆ ಕುಂದು ತರುವಂತೆ ಅದನ್ನು ಕೆಡಿಸಿದರೆ ಪ್ರಶ್ನಿಸುವುದು. ದೆಹಲಿಯ ವಿಜ್ಞಾನ ಭವನಕ್ಕಾಗಿ ಅಮರನಾಥ್ ಸೆಹಗಲ್ ಮಾಡಿದ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಆದರೆ ಇದನ್ನೇ ನಂಬಿ ಕೂರಬೇಡಿ. ದೆಹಲಿಯಲ್ಲಿ ಕೆಡವಲಾದ ಹಾಲ್ ಆಫ್ ನೇಷನ್ಸ್ ಪ್ರದರ್ಶನ ಭವನದ ಬಗ್ಗೆ ಅದರ ವಾಸ್ತುಶಿಲ್ಪಿ ರಾಜ್ ರೇವಾಲ್ ಹೂಡಿದ ದಾವೆಯಲ್ಲಿ ಅದೇ ಕೋರ್ಟು 2019ರಲ್ಲಿ ಕಟ್ಟಡದ ಮಾಲೀಕರ ಪರ ನಿಂತಿತು. ಹಾಗಾಗಿ ಗೋಡೆಯ ಕೆಲಸಕ್ಕೆ ಈ ಸಾಲು ಬೇಕೇ ಬೇಕು: "ಕೃತಿಯನ್ನು ತೆಗೆಯುವ ಅಥವಾ ಅದರ ಮೇಲೆ ಬಣ್ಣ ಬಳಿಯುವ 30 ದಿನ ಮುಂಚೆ ಕಲಾವಿದರಿಗೆ ಲಿಖಿತ ಸೂಚನೆ ಕೊಡಬೇಕು." ಅಷ್ಟರಲ್ಲಿ ಕನಿಷ್ಠ ಫೋಟೊ ತೆಗೆದುಕೊಳ್ಳಬಹುದು.

ಉಳಿದ ಮೂರನ್ನು ಬೇಗ ಹೇಳುತ್ತೇನೆ. ರದ್ದತಿ: ಕಂಪನಿ ಹಿಂದೆ ಸರಿದರೆ ಅಲ್ಲಿವರೆಗಿನ ಖರ್ಚು ಮತ್ತು ಗೌರವಧನ ಕೊಡಬೇಕು ಅಂತಿರಲಿ. ಬದಲಾವಣೆ: "ಎರಡು ಸುತ್ತು ಸಲಹೆ, ಸ್ಕೆಚ್ ಹಂತದಲ್ಲಿ ಮಾತ್ರ". ಇಲ್ಲದಿದ್ದರೆ ಅರ್ಧ ಬಣ್ಣ ಹಚ್ಚಿದ ಮೇಲೆ ಯಾರೋ ಉಪಾಧ್ಯಕ್ಷರಿಗೆ ಕೆಂಪು ಇಷ್ಟವಾಗುವುದಿಲ್ಲ. ಇಂಡೆಮ್ನಿಟಿ: ನಿಮ್ಮಿಂದ ಕಂಪನಿಗೆ ನಷ್ಟವಾದರೆ ತುಂಬಿಕೊಡುವ ಭರವಸೆ. ಮಿತಿಯಿಲ್ಲದೆ ಬರೆದಿರುತ್ತಾರೆ, "ಈ ಒಪ್ಪಂದದ ಮೊತ್ತದವರೆಗೆ ಮಾತ್ರ" ಅಂತ ತಿದ್ದಿಸಿ. ಕೇಳಿದರೆ ಹೆಚ್ಚಿನವರು ತಿದ್ದುತ್ತಾರೆ. ಒಪ್ಪಂದ ದೊಡ್ಡದಿದ್ದರೆ ವಕೀಲರ ಶುಲ್ಕವನ್ನೂ ಬಜೆಟ್ಟಿಗೆ ಹಾಕಿ.

7. ಗೋಡೆ ಸಾರ್ವಜನಿಕವಾಗಿದ್ದರೆ

ಕಂಪನಿ ಒಪ್ಪಿತು ಅಂದರೆ ಗೋಡೆ ಸಿಕ್ಕಿತು ಅಂತಲ್ಲ. ಗೋಡೆ ಪಾಲಿಕೆಯದೋ, ರೈಲ್ವೆಯದೋ, ಮೆಟ್ರೊದ್ದೋ ನೋಡಿ, ಅವರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳು ಮಾಡಿದ ಕೆಲಸ ಕಂಡಿರಬಹುದು. ಅದು ಮೆಟ್ರೊ ನಿಗಮದ ಜೊತೆಗೂಡಿ ಆದದ್ದು. ಕರ್ನಾಟಕದಲ್ಲಿ ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆ ಇದೆ. ದೊಡ್ಡ ಲೋಗೊ ಇರುವ ಮ್ಯೂರಲ್ ಅಧಿಕಾರಿಗಳ ಕಣ್ಣಿಗೆ ಜಾಹೀರಾತು. ದಂಡವೋ ಶುಲ್ಕವೋ ಬಂದರೆ ಯಾರು ಕಟ್ಟಬೇಕು ಅಂತ ಮೊದಲೇ ಬರೆಸಿ. ಮೂಲೆಯಲ್ಲಿ ಅಂಗೈ ಅಗಲದ ಕೃತಜ್ಞತಾ ಫಲಕ ಸಾಕು ಅಂತ ಒಪ್ಪಿಸುವುದು ಎಲ್ಲಕ್ಕಿಂತ ಸುಲಭ.

8. ತೆರಿಗೆ

ನಿಮ್ಮ ಗೌರವಧನ 1 ಲಕ್ಷ ಅಂದುಕೊಳ್ಳಿ. ವೃತ್ತಿ ಶುಲ್ಕ ಎಂದು ಕೊಟ್ಟರೆ ಕಂಪನಿ ಶೇ 10 ಟಿಡಿಎಸ್ ಹಿಡಿಯುತ್ತದೆ, ಖಾತೆಗೆ ಬರುವುದು 90,000. ಉಳಿದ ಹತ್ತು ಸಾವಿರ ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಹೋಗಿರುತ್ತದೆ. ರಿಟರ್ನ್ ಸಲ್ಲಿಸಿ ಲೆಕ್ಕಕ್ಕೆ ತಗೊಳ್ಳಬಹುದು. ಎಷ್ಟೋ ಕಲಾವಿದರು ಸಲ್ಲಿಸುವುದೇ ಇಲ್ಲ, ಹಣ ಅಲ್ಲೇ ಉಳಿಯುತ್ತದೆ.

ಜಿಎಸ್‌ಟಿ ಸ್ವಲ್ಪ ಗೋಜಲು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಪ್ರಾಯೋಜಕತ್ವಕ್ಕೆ ದರ ಶೇ 18. ನೀವು ವ್ಯಕ್ತಿ ಅಥವಾ ಟ್ರಸ್ಟ್ ಆಗಿದ್ದು, ಪ್ರಾಯೋಜಿಸುವವರು ಕಂಪನಿಯಾಗಿದ್ದರೆ ಆ ತೆರಿಗೆಯನ್ನು ಅವರೇ ನೇರ ಕಟ್ಟುತ್ತಾರೆ. ಇದಕ್ಕೆ ರಿವರ್ಸ್ ಚಾರ್ಜ್ ಅನ್ನುತ್ತಾರೆ. ನಿಮ್ಮದೂ ಕಂಪನಿಯಾಗಿದ್ದರೆ 2025ರ ಜನವರಿ 16ರಿಂದ ನೀವೇ ಬಿಲ್ಲಿನಲ್ಲಿ ಹಾಕಿ ಕಟ್ಟಬೇಕು. ದತ್ತಿ ಸಂಸ್ಥೆಯೊಂದು ಪ್ರಚಾರದ ಉದ್ದೇಶವಿಲ್ಲದೆ ದಾನಿಯ ಹೆಸರನ್ನು ಕೃತಜ್ಞತೆಗಾಗಿ ಮಾತ್ರ ಫಲಕದಲ್ಲಿ ಹಾಕಿದರೆ ಜಿಎಸ್‌ಟಿ ಇಲ್ಲ ಎಂದು 2019ರ ಸುತ್ತೋಲೆ ಹೇಳುತ್ತದೆ. "ದಾನ" ಅಂತ ಬರೆದು ಪಕ್ಕದಲ್ಲಿ ಉತ್ಪನ್ನದ ಜಾಹೀರಾತು ಹಾಕಿದರೆ ಅದು ದಾನವಲ್ಲ. ಮೊದಲ ಬಿಲ್ಲಿಗೆ ಒಮ್ಮೆ ಸಿಎ ಹತ್ತಿರ ತೋರಿಸಿ.

9. ಮುಗಿದ ಮೇಲೆ

ಒಂದು ತಿಂಗಳೊಳಗೆ ನಾಲ್ಕು ಪುಟದ ವರದಿ ಕಳಿಸಿ: ಫೋಟೊ, ಬಂದವರ ಸಂಖ್ಯೆ, ಪತ್ರಿಕೆಯಲ್ಲಿ ಬಂದದ್ದು, ಖರ್ಚಿನ ಲೆಕ್ಕ. ಸಂಖ್ಯೆಯನ್ನು ಉಬ್ಬಿಸಬೇಡಿ, ಬಾಗಿಲಲ್ಲಿ ಒಂದು ಪುಸ್ತಕ ಇಟ್ಟು ಎಣಿಸಿ. ಸಿಎಸ್‌ಆರ್ ಆದರೆ ಬಳಕೆ ಪ್ರಮಾಣಪತ್ರವನ್ನೂ ಕೇಳುತ್ತಾರೆ, ಅಂದರೆ ಹಣ ಹೇಳಿದ್ದಕ್ಕೇ ಖರ್ಚಾಗಿದೆ ಎಂದು ಸಿಎ ಸಹಿ ಮಾಡಿದ ಕಾಗದ. ರಸೀದಿಗಳನ್ನು ದಿನಾ ಒಂದು ಫೈಲಿಗೆ ಹಾಕುವ ಕೆಲಸವನ್ನು ತಂಡದಲ್ಲಿ ಒಬ್ಬರಿಗೆ ವಹಿಸಿಬಿಡಿ.

ಹಣ ಬರುವುದು ತಡವಾಗುತ್ತದೆ, ಇದು ಖಾತ್ರಿ. ಅದಕ್ಕೇ ಮೂರು ಕಂತು ಕೇಳಿ: ಸಹಿಯಾದಾಗ ಶೇ 50, ಅಳವಡಿಸುವ ಮುನ್ನ 30, ವರದಿ ಕೊಟ್ಟ ಮೇಲೆ 20. ಮೊದಲ ಕಂತು ಬರುವವರೆಗೆ ಸ್ವಂತ ಜೇಬಿನಿಂದ ಸಾಮಗ್ರಿ ಕೊಳ್ಳಬೇಡಿ.

ಉದ್ಯಮ್ ನೋಂದಣಿ ಉಪಯೋಗಕ್ಕೆ ಬರುವುದು ಇಲ್ಲಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೇವೆಯನ್ನೋ ತಯಾರಿಸಿದ ವಸ್ತುವನ್ನೋ ಕೊಟ್ಟ ಸಣ್ಣ ಪೂರೈಕೆದಾರರಿಗೆ, ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮ್ಮ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ದಪ್ಪಕ್ಷರದಲ್ಲಿ ಹಾಕಿ. ಅದು ಕಂಡರೆ ಹಣಕಾಸು ವಿಭಾಗದವರ ನಡಿಗೆ ಚುರುಕಾಗುತ್ತದೆ. ಅಷ್ಟಕ್ಕೂ ಬಾರದಿದ್ದರೆ ಅದಕ್ಕೆಂದೇ ಇರುವ ಸರ್ಕಾರಿ ತಾಣದಲ್ಲಿ ದೂರು ಕೊಡಬಹುದು.

ದೂರು ಕೊಡುವ ಮುನ್ನ ಬಿಲ್ಲಿನ ಪ್ರತಿ ಎದುರಿಗಿಟ್ಟುಕೊಂಡು ಅವರ ಹಣಕಾಸು ವಿಭಾಗಕ್ಕೆ ಒಂದು ಫೋನ್ ಮಾಡಿ. ಕಂಪನಿ ಖರೀದಿಗೆ ಮೊದಲು ಕೊಡುವ ಆದೇಶ ಪತ್ರಕ್ಕೆ ಪಿಒ ಅನ್ನುತ್ತಾರೆ. ಅದರ ನಂಬರ್ ಬಿಲ್ಲಿನ ಮೇಲೆ ಇಲ್ಲದಿದ್ದರೆ ಅವರ ಕಂಪ್ಯೂಟರ್ ಅದನ್ನು ತಗೊಳ್ಳುವುದೇ ಇಲ್ಲ, ನಿಮಗೆ ಯಾರೂ ಹೇಳುವುದೂ ಇಲ್ಲ. ನಂಬರ್ ಕೇಳಿಕೊಂಡು, ಬಿಲ್ ತಿದ್ದಿ, ಅವತ್ತೇ ಮತ್ತೆ ಕಳಿಸಿ.